ವಾಸಿಲಿ ಗ್ರಾಸ್‌ಮನ್: ರಣರಂಗದಲ್ಲಿ ಸತ್ಯದ ಸಾಕ್ಷಿ

ಯುದ್ಧವನ್ನು ಕುರಿತ ಕಾದಂಬರಿಗಳಲ್ಲಿ ಎರಡು ಬಗೆ. ಕಾಳಗ ಮುಗಿದು, ಗೆದ್ದವರು ಯಾರು, ಸೋತವರು ಯಾರು ಎಂಬುದು ಇತ್ಯರ್ಥವಾಗಿ, ಗಾಯಗಳು ಮಾಯ್ದ ಮೇಲೆ ಶಾಂತಚಿತ್ತದಿಂದ ಬರೆದವು ಒಂದು ಬಗೆ. ಟಾಲ್‌ಸ್ಟಾಯಿಯ ‘ಯುದ್ಧ ಮತ್ತು ಶಾಂತಿ’ ಆ ಬಗೆಯದು. ನೆಪೋಲಿಯನ್ ರಷ್ಯದ ಮೇಲೆ ದಂಡೆತ್ತಿ ಬಂದ 1812ನೆಯ ಇಸವಿಗೂ ಆ ಮಹಾಕೃತಿ ಹೊರಬಂದ ಕಾಲಕ್ಕೂ ಅರ್ಧ ಶತಮಾನಕ್ಕಿಂತ ಹೆಚ್ಚಿನ ಅಂತರವುಂಟು. ಗುಂಡಿನ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ, ನಾಳೆ ಏನಾಗುವುದೆಂಬುದು ಬರೆಯುವವನಿಗಾಗಲಿ ಓದುವವನಿಗಾಗಲಿ ತಿಳಿಯದಿರುವಾಗಲೇ ಬರೆದವು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಬರಹಗಳನ್ನು ಪ್ರಚಾರ ಸಾಹಿತ್ಯವೆಂದು ಕರೆದು ಬದಿಗೆ ಸರಿಸುವುದು ವಿಮರ್ಶಕರ ವಾಡಿಕೆ. ಬಹುಮಟ್ಟಿಗೆ ಅದು ನ್ಯಾಯವೂ ಹೌದು. ಆಪತ್ಕಾಲದಲ್ಲಿ ರಾಜ್ಯವು ಸಾಹಿತಿಯಿಂದ ಬಯಸುವುದು ಧೈರ್ಯವನ್ನೇ ಹೊರತು ಸತ್ಯವನ್ನಲ್ಲ.

ಆದರೆ ಈ ನಿಯಮಕ್ಕೆ ಅಪವಾದವೆನಿಸುವ ಲೇಖಕರು ಇಲ್ಲದಿಲ್ಲ. ಅವರಲ್ಲಿ ಸೋವಿಯತ್ ಕಾದಂಬರಿಕಾರ ವಾಸಿಲಿ ಗ್ರಾಸ್‌ಮನ್ನನಿಗೆ ನಾನು ಮೊದಲ ಪಂಕ್ತಿಯಲ್ಲಿ ಸ್ಥಾನ ಕೊಡುತ್ತೇನೆ. ಆತನ ‘ಬದುಕು ಮತ್ತು ವಿಧಿ’ ಎಂಬ ಬೃಹತ್ ಕಾದಂಬರಿಯನ್ನು ಇಂದು ಲೋಕವೆಲ್ಲ ಕೊಂಡಾಡುತ್ತದೆ. ಸರ್ಕಾರ ಸೆರೆಹಿಡಿದ ಕಾದಂಬರಿಯೆಂಬ ಕೀರ್ತಿ ಅದಕ್ಕೆ ಉಂಟು. ಆದರೆ ಅದನ್ನು ಬರೆಯುವ ಎದೆಗಾರಿಕೆ ಆತನಿಗೆ ಒಮ್ಮೆಲೇ ಬಂದುದಲ್ಲ. ಸತ್ಯವನ್ನು ಹೇಳುವುದೂ ಒಂದು ಅಭ್ಯಾಸ. ಆತನಲ್ಲಿ ಆ ಅಭ್ಯಾಸ ಗಟ್ಟಿಗೊಂಡುದು ಯುದ್ಧದ ಮೊದಲ ಎರಡು ವರ್ಷಗಳಲ್ಲಿ, ಈಗ ಹೆಚ್ಚು ಜನ ಓದದ ಒಂದು ಸಣ್ಣ ಕಾದಂಬರಿಯಲ್ಲಿ, ಒಂದೆರಡು ಕಥೆಗಳಲ್ಲಿ. ರಷ್ಯನ್ ಭಾಷೆ ನನಗೆ ಬಾರದು. ಈ ಕೃತಿಗಳನ್ನು ನಾನು ಬಲ್ಲುದು ಇಂಗ್ಲಿಷ್ ಭಾಷಾಂತರಗಳ ಮೂಲಕ. ಆದರೂ ಆ ಬರಹದ ಹಿಂದಿನ ಮನುಷ್ಯನ ದನಿ ಭಾಷಾಂತರದಲ್ಲಿಯೂ ಅಡಗಿಲ್ಲ.

ಗ್ರಾಸ್‌ಮನ್ ಹುಟ್ಟಿದ್ದು 1905ನೆಯ ಡಿಸೆಂಬರ್ 12ರಂದು, ಉಕ್ರೇನಿನ ಬೆರ್ದಿಚೆವ್ ಪಟ್ಟಣದಲ್ಲಿ. ಅದು ಯೆಹೂದ್ಯರು ಬಹುಸಂಖ್ಯೆಯಲ್ಲಿ ನೆಲೆಸಿದ್ದ ಊರು. ಆತನ ತಂದೆತಾಯಿಗಳೂ ಯೆಹೂದ್ಯರೇ, ಆದರೆ ಮತಾಚಾರಗಳಿಂದ ದೂರವಾಗಿ ರಷ್ಯನ್ ಸಂಸ್ಕೃತಿಯನ್ನು ತಮ್ಮದಾಗಿಸಿಕೊಂಡವರು. ತಂದೆ ರಸಾಯನ ಎಂಜಿನಿಯರು; ತಾಯಿ ಯೆಕಾತೆರೀನಾ ಸವೇಲ್ಯೆವ್ನಾ ಫ್ರೆಂಚ್ ಭಾಷೆಯ ಶಿಕ್ಷಕಿ. ಹೆತ್ತವರು ಇಟ್ಟ ಹೆಸರು ಇಯೋಸಿಫ್. ಮನೆಯವರು ಕರೆಯುತ್ತಿದ್ದ ಯೋಸ್ಯಾ ಎಂಬ ಮುದ್ದಿನ ಹೆಸರನ್ನು ರಷ್ಯದ ದಾದಿಯೊಬ್ಬಳು ವಾಸ್ಯಾ ಎಂದು ತಿರುಗಿಸಿದಳು. ವಾಸ್ಯಾ ಎಂಬುದೇ ಮುಂದೆ ವಾಸಿಲಿಯಾಯಿತು. ತಂದೆತಾಯಿಗಳು ಬಹುಬೇಗ ಬೇರೆಯಾದುದರಿಂದ ಹುಡುಗ ಬೆಳೆದುದು ಹೆಚ್ಚಾಗಿ ತಾಯಿಯ ಆಶ್ರಯದಲ್ಲಿಯೇ. ಚಿಕ್ಕಂದಿನಲ್ಲಿ ಸುಮಾರು ಎರಡು ವರ್ಷ ತಾಯಿಯೊಡನೆ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿಯೂ ಇದ್ದನು. ಈ ತಾಯಿಯನ್ನು ವಾಚಕರು ನೆನಪಿನಲ್ಲಿಡಬೇಕು. ಗ್ರಾಸ್‌ಮನ್ನನ ಬಾಳಿನ ಕಥೆಯೂ ಬರಹದ ಕಥೆಯೂ ಆಕೆಯ ಸುತ್ತಲೇ ಸುತ್ತುತ್ತವೆ.

ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಆತ ಓದಿದ್ದು ಸಾಹಿತ್ಯವನ್ನಲ್ಲ, ರಸಾಯನಶಾಸ್ತ್ರವನ್ನು. 1929ರಲ್ಲಿ ಪದವಿ ಪಡೆದು, ದೊನ್‌ಬಾಸಿನ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಕೆಲಸಕ್ಕೆ ಸೇರಿದನು. ಗಣಿಯ ವಿಷಾನಿಲವನ್ನು ಅಳೆದು ನೋಡುವುದು ಅಲ್ಲಿ ಹುಡುಗಾಟಿಕೆಯಲ್ಲ; ಲೆಕ್ಕದಲ್ಲಿ ಸುಳ್ಳು ಬೆರೆತರೆ ಕೆಳಗಿದ್ದವರು ಸಾಯುತ್ತಾರೆ. ಕ್ಷಯರೋಗ ತಗುಲಿದೆಯೆಂದು ವೈದ್ಯರು ಹೇಳಿದ್ದರಿಂದ ಆತ ಗಣಿಯನ್ನು ಬಿಟ್ಟು ಮಾಸ್ಕೋಗೆ ಬಂದು ಒಂದು ಪೆನ್ಸಿಲ್ ಕಾರ್ಖಾನೆಯಲ್ಲಿ ದುಡಿದನು. ಅಲ್ಲಿಂದ ಸಾಹಿತ್ಯಕ್ಕೆ ಬಂದನು. ಪರೀಕ್ಷಿಸದೆ ಯಾವುದನ್ನೂ ಬರೆದಿಡಬಾರದೆಂಬ ಪ್ರಯೋಗಶಾಲೆಯ ಶಿಸ್ತು ಮಾತ್ರ ಆತನನ್ನು ಬಿಟ್ಟುಹೋಗಲಿಲ್ಲವೆಂದು ನನಗೆ ತೋರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಆತನಿಗಾಗಿಯೇ ಹುಟ್ಟಿದಂತಿದೆ.

1934ರಲ್ಲಿ ‘ಬೆರ್ದಿಚೆವ್ ಪಟ್ಟಣದಲ್ಲಿ’ ಎಂಬ ಸಣ್ಣಕಥೆ ಪ್ರಕಟವಾದಾಗ ಹಿರಿಯ ಕಥೆಗಾರ ಬಾಬೆಲ್ ಮೊದಲಾದವರು ಮೆಚ್ಚಿದರು. ಗಾರ್ಕಿಯ ಬೆಂಬಲವೂ ದೊರೆಯಿತು. ಆದರೆ ಅದಕ್ಕೆ ಮೊದಲೇ ಗಾರ್ಕಿಯಿಂದ ಒಂದು ತಡೆಯೂ ಬಂದಿತ್ತು. ಗಣಿಗಾರರ ಬಾಳನ್ನು ಕುರಿತ ತನ್ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಗ್ರಾಸ್‌ಮನ್ ಆತನಿಗೆ ಕಳುಹಿಸಿದ್ದನು. ತಾನು ಬರೆದುದು ಸತ್ಯವೆಂಬುದೇ ಆತನ ಸಮರ್ಥನೆ. ಗಾರ್ಕಿಗೆ ಅದು ಸಾಲದಾಯಿತು. ಸತ್ಯ ಬರೆದರಷ್ಟೇ ಆಗಲಿಲ್ಲ; ಯಾವ ಸತ್ಯವನ್ನು ಎತ್ತಿ ಹಿಡಿಯುತ್ತಿದ್ದೇನೆ, ಯಾವ ಸತ್ಯ ಗೆಲ್ಲಬೇಕೆಂದು ಬಯಸುತ್ತಿದ್ದೇನೆ ಎಂದು ಲೇಖಕ ತನ್ನನ್ನೇ ಕೇಳಿಕೊಳ್ಳಬೇಕೆಂಬುದು ಆತನ ಬೋಧೆಯ ಸಾರ. ಕೇಳಲು ಗಂಭೀರವಾದ ಮಾತು. ಆದರೆ ಇದರ ಮರೆಯಲ್ಲಿಯೇ ಸೋವಿಯತ್ ಸಾಹಿತ್ಯದ ದೊಡ್ಡ ಅಪಾಯ ಅಡಗಿತ್ತು. ಸತ್ಯದಲ್ಲಿ ಬೇಕಾದುದು, ಬೇಡವಾದುದು ಎಂಬ ಎರಡು ಜಾತಿಗಳಿವೆಯೆಂದು ಒಪ್ಪಿಕೊಂಡ ಮೇಲೆ, ಯಾವುದು ಬೇಕು ಎಂದು ತೀರ್ಮಾನಿಸುವವನು ಲೇಖಕನಾಗಿ ಉಳಿಯುವುದಿಲ್ಲ. ಗ್ರಾಸ್‌ಮನ್ ಹಸ್ತಪ್ರತಿಯನ್ನು ತಿದ್ದಿದನು, ಕಾದಂಬರಿ ಅಚ್ಚಾಯಿತು. ಗಾರ್ಕಿಯ ಪ್ರಶ್ನೆಗೆ ಆತನ ನಿಜವಾದ ಉತ್ತರ ಬರಲು ಇನ್ನೂ ಕೆಲವು ವರ್ಷಗಳು ಬೇಕಾದವು.

ಆ ವರ್ಷಗಳು ಭೀತಿಯ ವರ್ಷಗಳು. 1937–38ರಲ್ಲಿ ಸ್ಟಾಲಿನ್ನನ ಸೆರೆಮನೆಗಳು ತುಂಬಿದವು. ಗ್ರಾಸ್‌ಮನ್ನನ ಎರಡನೆಯ ಪತ್ನಿ ಓಲ್ಗಾ ಬಂಧಿತಳಾದಳು. ಆಕೆಯ ಮೊದಲ ಗಂಡ ಬೊರೀಸ್ ಗೂಬೆರ್ ಆಗಲೇ ಸೆರೆಯಾಗಿದ್ದನು. ಆ ಮೊದಲ ಮದುವೆಯ ಇಬ್ಬರು ಗಂಡುಮಕ್ಕಳು ಅನಾಥಾಲಯದ ಪಾಲಾಗುವುದರಲ್ಲಿದ್ದರು. ಗ್ರಾಸ್‌ಮನ್ ಅವರ ಪೋಷಣೆಯ ಹೊಣೆ ಹೊತ್ತನು. ರಹಸ್ಯ ಪೊಲೀಸರ ಮುಖ್ಯಸ್ಥ ಯೆಜೊವ್‌ನಿಗೇ ನೇರವಾಗಿ ಪತ್ರ ಬರೆದು, ಆಕೆ ತನ್ನ ಹೆಂಡತಿ, ಹಿಂದಿನ ಗಂಡನ ಅಪರಾಧಕ್ಕೆ ಆಕೆ ಹೊಣೆಯಲ್ಲ ಎಂದು ವಾದಿಸಿದನು. ಅಂಥ ಪತ್ರ ಬರೆದವರು ತಾವೇ ಕಾಣೆಯಾಗುತ್ತಿದ್ದ ಕಾಲ. ಓಲ್ಗಾಳಿಗೆ ಬಿಡುಗಡೆಯಾಯಿತು. ಹಾಗೆಂದು ಆತನನ್ನು ಬಂಡಾಯಗಾರನೆಂದು ಭಾವಿಸುವುದು ಸಲ್ಲದು. ಆತ ಲೇಖಕರ ಸಂಘದ ಸದಸ್ಯ; ‘ಸ್ತೆಪಾನ್ ಕೊಲ್ಚೂಗಿನ್’ ಎಂಬ ಕ್ರಾಂತಿಪರ ಕಾದಂಬರಿಯ ಜನಪ್ರಿಯ ಕರ್ತೃ; ವ್ಯವಸ್ಥೆಯೊಳಗೆ ಎಚ್ಚರಿಕೆಯಿಂದ ಬಾಳುತ್ತಿದ್ದ ಮನುಷ್ಯ.

1941ನೆಯ ಜೂನ್ 22ರಂದು ಹಿಟ್ಲರನ ಸೇನೆ ಸೋವಿಯತ್ ಗಡಿಯನ್ನು ದಾಟಿತು. ತಾಯಿ ಆಗ ಬೆರ್ದಿಚೆವ್‌ನಲ್ಲಿದ್ದಳು. ಆಕೆಯನ್ನು ಮಾಸ್ಕೋಗೆ ಕರೆತರಬೇಕೆಂಬ ಮಾತು ಮನೆಯಲ್ಲಿ ಬಂದಿತ್ತು. ಮನೆ ಇಕ್ಕಟ್ಟಾಗಿದೆಯೆಂಬ ಪತ್ನಿಯ ಆಕ್ಷೇಪಣೆಗೆ ಮಗ ಮಣಿದನು. ಮುಂದಕ್ಕೆ ಹಾಕಿದ ಆ ಕೆಲಸಕ್ಕೆ ಮತ್ತೆ ಅವಕಾಶ ದೊರೆಯಲಿಲ್ಲ. ಯುದ್ಧ ತೊಡಗಿ ಎರಡು ವಾರ ಕಳೆಯುತ್ತಲೇ, ಜುಲೈ 7ರಂದು, ಜರ್ಮನರು ಬೆರ್ದಿಚೆವ್ ಪಟ್ಟಣವನ್ನು ಹಿಡಿದರು. ಆ ವರ್ಷ ಸೆಪ್ಟೆಂಬರ್ 15ರಂದು ಊರ ಹೊರಗಿನ ವಿಮಾನ ನಿಲ್ದಾಣದ ಬಳಿ ಸುಮಾರು 12 ಸಾವಿರ ಯೆಹೂದ್ಯರನ್ನು ಗುಂಡಿಟ್ಟು ಕೊಂದರು. ಆ ಹಳ್ಳಗಳಲ್ಲಿ ಒಂದರಲ್ಲಿ ಆ ಫ್ರೆಂಚ್ ಶಿಕ್ಷಕಿಯೂ ಬಿದ್ದಳು. ಮಗನಿಗೆ ಸುದ್ದಿಯಿಲ್ಲ, ಭಯವಿತ್ತು, ಆಸೆಯೂ ಇತ್ತು.

ಸ್ಥೂಲದೇಹ, ಮಂದದೃಷ್ಟಿ, ಕೈಯಲ್ಲಿ ಊರುಗೋಲು: ಹೀಗಿದ್ದ ಗ್ರಾಸ್‌ಮನ್ ಸಾಮಾನ್ಯ ಸೈನಿಕನಾಗಿಯಾದರೂ ಸರಿ, ರಣರಂಗಕ್ಕೆ ಹೋಗುತ್ತೇನೆಂದು ಮುಂದೆ ಬಂದನು. ಸೇನೆ ಒಪ್ಪಲಿಲ್ಲ. ಕೊನೆಗೆ ಸೇನೆಯ ದೈನಿಕವಾದ ‘ಕ್ರಾಸ್ನಾಯಾ ಜ್ವೆಜ್ದಾ’, ಎಂದರೆ ಕೆಂಪು ತಾರೆ, ಎಂಬ ಪತ್ರಿಕೆಯ ಸಂಪಾದಕ ದಾವಿದ್ ಒರ್ತೆನ್‌ಬರ್ಗ್ ಆತನನ್ನು ಬಾತ್ಮೀದಾರನಾಗಿ ನೇಮಿಸಿಕೊಂಡನು. ಸೈನ್ಯದ ಅನುಭವವಿಲ್ಲದ ಈ ಪುಸ್ತಕದ ಮನುಷ್ಯ ಏನು ಮಾಡಿಯಾನೆಂದು ಸಹೋದ್ಯೋಗಿಗಳಿಗೆ ಅನುಮಾನ. ಆದರೆ ಆತನಲ್ಲಿ ಒಂದು ವಿಶೇಷ ಗುಣವಿತ್ತು. ಮಾತನಾಡಿಸುವಾಗ ಆತ ಎದುರಿಗೆ ಪುಸ್ತಕ ಬಿಚ್ಚಿ ಬರೆದುಕೊಳ್ಳುತ್ತಿರಲಿಲ್ಲ. ಸೇನಾಧಿಪತಿಯೇ ಆಗಲಿ, ಅಡಿಗೆಯವನೇ ಆಗಲಿ, ಜೊತೆಯಲ್ಲಿ ಕುಳಿತು ತಾಳ್ಮೆಯಿಂದ ಕೇಳುತ್ತಿದ್ದನು. ರಾತ್ರಿ ಒಂಟಿಯಾಗಿ ಕುಳಿತು ಎಲ್ಲವನ್ನೂ ನೆನಪಿನಿಂದ ಬರೆದಿಡುತ್ತಿದ್ದನು. ಆ ಟಿಪ್ಪಣಿ ಪುಸ್ತಕಗಳು ಉಳಿದು ಬಂದಿವೆ. ಸೇನೆಯ ಗೊಂದಲ, ಓಡಿಹೋದ ಅಧಿಕಾರಿಗಳು, ಸುಡುವ ಹಳ್ಳಿಗಳು, ದನಕರು ಅಟ್ಟಿಕೊಂಡು ಪೂರ್ವಕ್ಕೆ ಹೊರಟ ಜನ, ಅಸಂಬದ್ಧ ಆಜ್ಞೆಗಳು, ಇವೆಲ್ಲ ಅಲ್ಲಿವೆ. ರಹಸ್ಯ ಪೊಲೀಸರ ಕೈಗೆ ಸಿಕ್ಕಿದ್ದರೆ ಆತನ ತಲೆ ಉಳಿಯುತ್ತಿರಲಿಲ್ಲ.

ಒಂದು ಪ್ರಸಂಗ ಆತನ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. 1941ರ ಅಕ್ಟೋಬರಿನಲ್ಲಿ ಒರ್ಯೋಲ್ ನಗರ ಜರ್ಮನರ ವಶವಾಯಿತು. ಗ್ರಾಸ್‌ಮನ್ ಅಲ್ಲಿಂದ ಕೂದಲೆಳೆಯಷ್ಟರಲ್ಲಿ ಪಾರಾಗಿ ಮಾಸ್ಕೋದ ಕಚೇರಿಗೆ ಬಂದಾಗ, ಒರ್ಯೋಲಿನ ವೀರರಕ್ಷಣೆಯ ವರದಿಯನ್ನೇಕೆ ಬರೆಯಲಿಲ್ಲವೆಂದು ಸಂಪಾದಕ ಗದರಿಸಿದನು. ಅಲ್ಲಿ ರಕ್ಷಣೆಯೆಂಬುದೇ ನಡೆಯಲಿಲ್ಲ, ಆದುದರಿಂದ ಬರೆಯಲಿಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಗ್ರಾಸ್‌ಮನ್ ಸುಮ್ಮನಾದನು. ಪ್ರತ್ಯುತ್ತರ ಚಿಕ್ಕದು. ಆದರೆ ಒಂಬತ್ತು ವರ್ಷಗಳ ಹಿಂದೆ ಗಾರ್ಕಿ ಎತ್ತಿದ್ದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಮಾಧಾನವನ್ನು ನಾನು ಕಾಣೆ. ನಡೆಯದುದನ್ನು ನಡೆಯಿತೆಂದು ಬರೆಯುವುದಕ್ಕಿಂತ ಬರೆಯದೆ ಇರುವುದು ಮೇಲು.

ಅದೇ ಹಿಮ್ಮೆಟ್ಟುವಿಕೆಯ ದಾರಿಯಲ್ಲಿ ಆತ ಯಾಸ್ನಾಯಾ ಪೊಲ್ಯಾನಾಕ್ಕೆ, ಟಾಲ್‌ಸ್ಟಾಯಿಯ ಮನೆಗೆ, ಹೋಗಿದ್ದನು. ಸಾಮಾನುಗಳನ್ನು ಕಟ್ಟಿ ಸಾಗಿಸುವ ಗಡಿಬಿಡಿ. ‘ಯುದ್ಧ ಮತ್ತು ಶಾಂತಿ’ಯಲ್ಲಿ ನೆಪೋಲಿಯನ್ನನ ದಂಡು ಬರುತ್ತಿದೆಯೆಂದು ಜನ ಮನೆ ಬಿಟ್ಟು ಹೊರಡುವ ಅಧ್ಯಾಯಗಳೇ ಕಣ್ಣೆದುರು ಮರಳಿ ನಡೆಯುತ್ತಿರುವಂತೆ ಆತನಿಗೆ ಕಂಡಿತು. ಕೆಲವೇ ದಿನಗಳಲ್ಲಿ ಜರ್ಮನರು ಆ ಎಸ್ಟೇಟನ್ನು ಹಿಡಿದು, ಸತ್ತ ತಮ್ಮ ಸೈನಿಕರನ್ನು ಟಾಲ್‌ಸ್ಟಾಯಿಯ ಸಮಾಧಿಯ ಪಕ್ಕದಲ್ಲಿಯೇ ಹೂಳಿದರು. ಯುದ್ಧಕಾಲದಲ್ಲೆಲ್ಲ ಗ್ರಾಸ್‌ಮನ್ ಓದಿದ ಪುಸ್ತಕ ಅದೊಂದೇ. ಅದನ್ನು ಎರಡು ಬಾರಿ ಓದಿದನು.

1942ರ ವಸಂತದಲ್ಲಿ ಸಂಪಾದಕ ಆತನಿಗೆ ಎರಡು ತಿಂಗಳ ರಜೆ ಕೊಟ್ಟನು. ಆಗ ಬರೆದುದೇ ‘ಜನತೆ ಅಮರ’ ಎಂಬ ಕಾದಂಬರಿ. ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಅದು ‘ಕ್ರಾಸ್ನಾಯಾ ಜ್ವೆಜ್ದಾ’ದಲ್ಲಿ ಧಾರಾವಾಹಿಯಾಗಿ ಹೊರಬಂದಿತು. ಆ ದಿನಗಳು ಎಂಥವು? ಜರ್ಮನ್ ಪಡೆಗಳು ವೋಲ್ಗಾ ನದಿಯ ಕಡೆಗೂ ಕಾಕಸಸ್ಸಿನ ಕಡೆಗೂ ನುಗ್ಗುತ್ತಿದ್ದವು. ಒಂದು ಹೆಜ್ಜೆಯೂ ಹಿಂದಕ್ಕೆ ಇಡಕೂಡದೆಂಬ ಸ್ಟಾಲಿನ್ನನ ಕಠೋರವಾದ 227ನೆಯ ಆಜ್ಞೆ ಹೊರಟುದು ಜುಲೈ 28ರಂದು. ಅಂದರೆ ಹಿಂದಿನ ವರ್ಷದ ಹಿಮ್ಮೆಟ್ಟುವಿಕೆಯ ಕಥೆಯನ್ನು, ಮತ್ತೊಂದು ಹಿಮ್ಮೆಟ್ಟುವಿಕೆಯ ನಡುವೆ ನಿಂತ ಸೈನಿಕರು ಕಂದಕಗಳಲ್ಲಿ ಕುಳಿತು ಓದಿದರು. ಈ ವಾಚಕರನ್ನು ನಾವು ಮರೆಯಬಾರದು. ದೂರದ ಊರಿನಲ್ಲಿರುವ ಓದುಗನನ್ನು ವಂಚಿಸಬಹುದು. ಬೆಳಗ್ಗೆ ತಾನೇ ಟ್ಯಾಂಕಿನೆದುರು ನಿಂತವನಿಗೆ ಟ್ಯಾಂಕಿನ ಭಯ ಹೇಗಿರುವುದೆಂದು ಸುಳ್ಳು ಹೇಳಿ ನಂಬಿಸಲಾಗದು. ಗ್ರಾಸ್‌ಮನ್ನನ ಸತ್ಯನಿಷ್ಠೆಗೆ ಕಾವಲು ನಿಂತವರು ಆ ಓದುಗರೇ.

ಕಥೆ ಸರಳವಾದುದು. 1941ರ ಬೇಸಿಗೆ. ಬೆಲೊರಷ್ಯದ ಗೊಮೆಲ್ ನಗರ ಬಾಂಬಿಗೆ ಸಿಕ್ಕಿ ಉರಿಯುತ್ತದೆ. ಮೆರ್ತ್ಸಾಲೊವ್ ಎಂಬವನ ರೆಜಿಮೆಂಟಿಗೆ, ಹಿಂದೆ ಮಾರ್ಕ್ಸ್‌ವಾದದ ಪ್ರಾಧ್ಯಾಪಕನಾಗಿದ್ದ ಬೊಗಾರ್ಯೋವ್ ಕಮಿಸಾರನಾಗಿ, ಎಂದರೆ ಸೇನೆಯಲ್ಲಿ ಪಕ್ಷದ ಪ್ರತಿನಿಧಿಯಾಗಿ, ಬರುತ್ತಾನೆ. ಒಂದು ಬೆಟಾಲಿಯನ್ನು ಶತ್ರುವಿನ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ನಾಯಕ ಬಾಬಾಜನ್ಯಾನ್ ಮಡಿಯುತ್ತಾನೆ. ಉಳಿದವರು ಕಾಡಿನಲ್ಲಿ ಅಡಗಿ, ಕೊನೆಗೆ ಹೊರಗಿನ ಪಡೆಯೊಡನೆ ಕೂಡಿ ಹೊಡೆದು ಹೊರಬರುತ್ತಾರೆ. ಕೊನೆಯಲ್ಲಿ ಪ್ರಾಧ್ಯಾಪಕ ಬೊಗಾರ್ಯೋವ್‌ನೂ ತೂಲಾ ಪ್ರಾಂತದ ರೈತ ಇಗ್ನಾತ್ಯೇವ್‌ನೂ ಗಾಯಗೊಂಡು, ಒಬ್ಬರಿಗೊಬ್ಬರು ಆಸರೆಯಾಗಿ ನಡೆದು ಬರುತ್ತಾರೆ.

ಇದರಲ್ಲಿ ಸತ್ಯವೆಲ್ಲಿ ಬಂದಿತು ಎಂದು ಕೇಳಬಹುದು. ನಾಲ್ಕು ಎಡೆಗಳನ್ನು ನಾನು ತೋರಿಸಬಲ್ಲೆ. ಮೊದಲನೆಯದು, ವಸ್ತುವಿನ ಆಯ್ಕೆ. ಶತ್ರುವಿನ ಸುತ್ತುವರಿಕೆಗೆ ಸಿಕ್ಕಿ ಹೊರಬಂದ ಸೈನಿಕನನ್ನು ಆಗಿನ ಸೋವಿಯತ್ ಅಧಿಕಾರಿಗಳು ಸಂಶಯದಿಂದ ನೋಡುತ್ತಿದ್ದರು. ಶರಣಾಗುವವರನ್ನು ದ್ರೋಹಿಗಳೆಂದು ಸಾರಿದ ಆಜ್ಞೆ 1941ರ ಆಗಸ್ಟಿನಲ್ಲಿಯೇ ಹೊರಟಿತ್ತು. ಅಂಥವರನ್ನು ಕಥೆಯ ನಡುವೆ ನಿಲ್ಲಿಸಿ, ಅವರ ಮರ್ಯಾದೆಯನ್ನು ಅವರಿಗೆ ಮರಳಿ ಕೊಟ್ಟುದು ಸಣ್ಣ ಕೆಲಸವಲ್ಲ.

ಎರಡನೆಯದು, ಮೆರ್ತ್ಸಾಲೊವ್‌ನ ಚಿತ್ರ. ಆತ ಪದಕ ಪಡೆದ ವೀರ, ಸಾವಿಗೆ ಹೆದರದವನು. ಆದರೆ ಕೈಯಲ್ಲಿ ಬಂದೂಕು ಹಿಡಿದು ತಾನೇ ಮುಂದೆ ನುಗ್ಗುವ ಉತ್ಸಾಹದಲ್ಲಿ ಇಡೀ ರೆಜಿಮೆಂಟಿನ ಹಿಡಿತವನ್ನು ಕಳೆದುಕೊಳ್ಳುತ್ತಾನೆ. ಎದೆಗಾರಿಕೆಯೊಂದೇ ಸಾಲದು, ಕಾಳಗವನ್ನು ನಡೆಸುವ ವಿದ್ಯೆ ಬೇಕು ಎಂದು ಕಮಿಸಾರ ಎತ್ತಿ ತೋರಿಸುತ್ತಾನೆ. ಸೋಲಿಗೆ ಶತ್ರುವಿನ ಕಪಟವೇ ಕಾರಣವೆಂದು ಪತ್ರಿಕೆಗಳು ಸಾರುತ್ತಿದ್ದಾಗ, ನಮ್ಮ ಅರಿವುಗೇಡಿತನವೂ ಕಾರಣವೆಂದು ಸೇನೆಯ ಪತ್ರಿಕೆಯಲ್ಲಿಯೇ ಬರೆದ ದಿಟ್ಟತನವನ್ನು ಗಮನಿಸಬೇಕು.

ಮೂರನೆಯದು, ಕೊತೆಂಕೊ ಎಂಬ ಹಳ್ಳಿಗನ ಪಾತ್ರ. ಸಾಮೂಹಿಕ ಬೇಸಾಯದ ಕಾಲದಿಂದ ಸರ್ಕಾರದ ಮೇಲೆ ಕಹಿ ತುಂಬಿಕೊಂಡ ಈತ ಜರ್ಮನರ ದಾರಿ ಕಾಯುತ್ತಾನೆ. ಬಂದವರು ಆತನಿಗೆ ಯಾವ ಮರ್ಯಾದೆಯನ್ನೂ ತೋರಿಸುವುದಿಲ್ಲ. ಅವಮಾನ ತಾಳಲಾರದೆ ಆತ ನೇಣು ಹಾಕಿಕೊಳ್ಳುತ್ತಾನೆ. ಆತನಿಗೆ ತಕ್ಕ ಶಿಕ್ಷೆಯಾಯಿತೆಂದು ಕಥೆಯ ನೀತಿ ಹೇಳುತ್ತದೆ, ನಿಜ. ಆದರೆ ಅಂಥವರೂ ಇದ್ದರು, ಅವರ ಕಹಿಗೂ ಕಾರಣವಿತ್ತು ಎಂಬುದು ಓದುಗನ ಮನಸ್ಸಿನಲ್ಲಿ ಉಳಿಯುತ್ತದೆ.

ನಾಲ್ಕನೆಯದು ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದುದು. ಹಿರಿಯ ಕಮಿಸಾರ ಚೆರೆದ್ನಿಚೆಂಕೊನ ತಾಯಿ ಮರಿಯಾ ತಿಮೊಫೇಯೆವ್ನಾ ಮೊಮ್ಮಗನೊಡನೆ ಹಳ್ಳಿಯಲ್ಲಿ ಉಳಿದುಬಿಡುತ್ತಾಳೆ. ಮಗನ ಪಡೆ ಹಿಮ್ಮೆಟ್ಟುತ್ತದೆ. ಜರ್ಮನರು ಬಂದು ಆಕೆಯನ್ನು ಕೊಲ್ಲುತ್ತಾರೆ. ಹುಡುಗ ಮಾತ್ರ ಬದುಕಿ ತಂದೆಯನ್ನು ಅರಸಿ ಹೊರಡುತ್ತಾನೆ. ಅಧಿಕಾರವುಳ್ಳ ಮಗ, ರಕ್ಷಿಸಲಾಗದೆ ಹಿಂದೆ ಬಿಟ್ಟುಬಂದ ತಾಯಿ! ಇದನ್ನು ಬರೆಯುವಾಗ ಗ್ರಾಸ್‌ಮನ್ನನ ತಾಯಿ ತೀರಿಕೊಂಡು ಏಳೆಂಟು ತಿಂಗಳು. ಆತನಿಗೆ ಅದು ಖಚಿತವಾಗಿ ತಿಳಿದಿರಲಿಲ್ಲ. ಆದರೆ ಲೇಖನಿಗೆ ತಿಳಿದಿತ್ತೆಂದು ನಾನು ನಂಬುತ್ತೇನೆ. ವೀರಗಾಥೆಯ ಮರೆಯಲ್ಲಿ ಮಗನೊಬ್ಬನ ಅಪರಾಧಪ್ರಜ್ಞೆ ಬಿಕ್ಕುತ್ತಿರುವುದು ಇಂದಿನ ಓದುಗನಿಗೆ ಕೇಳಿಸದಿರದು.

ಬಾಬಾಜನ್ಯಾನ್ ವಿಷಯದಲ್ಲಿ ಒಂದು ವಿನೋದವೂ ಉಂಟು. ಅದು ನಿಜವಾದ ಅಧಿಕಾರಿಯೊಬ್ಬನ ಹೆಸರು. ಆತ ಕಾಳಗದಲ್ಲಿ ಸತ್ತನೆಂದು ಕೇಳಿದ್ದ ಗ್ರಾಸ್‌ಮನ್ ಕಾದಂಬರಿಯಲ್ಲಿ ಆ ಹೆಸರನ್ನು ಬಳಸಿ ಆತನ ಮರಣವನ್ನು ವರ್ಣಿಸಿದನು. ಯುದ್ಧದ ಮುಂದಿನ ದಿನಗಳಲ್ಲಿ ಆ ಬಾಬಾಜನ್ಯಾನ್ ಜೀವಂತನಾಗಿ ಎದುರು ಬಂದು ನಿಂತನು! ಆತ ಮುಂದೆ ಟ್ಯಾಂಕ್ ಪಡೆಗಳ ಉನ್ನತ ಅಧಿಕಾರಿಯಾದನು.

ಆದರೆ ಈ ಕಾದಂಬರಿಯನ್ನು ಪೂರ್ಣ ಸತ್ಯವೆಂದು ಹೊಗಳಿದರೆ ಗ್ರಾಸ್‌ಮನ್ನನ ಆದರ್ಶಕ್ಕೇ ನಾವು ಅನ್ಯಾಯ ಮಾಡಿದಂತೆ. ಬೊಗಾರ್ಯೋವ್ ಒಮ್ಮೊಮ್ಮೆ ಮನುಷ್ಯನಿಗಿಂತ ಹೆಚ್ಚಾಗಿ ಉಪನ್ಯಾಸದಂತೆ ಕಾಣುತ್ತಾನೆ. ಸೋಲಿನ ಹಿಂದೆ ಸೇನಾನಾಯಕರನ್ನೇ ಕೊಲ್ಲಿಸಿದ್ದ ಸ್ಟಾಲಿನ್ನನ ಕೈ ಇದ್ದುದರ ಸುಳಿವಿಲ್ಲ. ಜನರ ಸ್ಥೈರ್ಯ ಕುಗ್ಗುವ ಗಳಿಗೆಗಳನ್ನು ಅವಸರವಾಗಿ ದಾಟಲಾಗಿದೆ. ಇದರಲ್ಲಿ ಸ್ವಲ್ಪ ಭಾಗ ಕತ್ತರಿಯ ಕೆಲಸ. ಆಗ ಬಿಟ್ಟುಹೋಗಿದ್ದ ಭಾಗಗಳನ್ನು ಹಸ್ತಪ್ರತಿಗಳಿಂದ ಎತ್ತಿ ತೋರಿಸುವ ಹೊಸ ಇಂಗ್ಲಿಷ್ ಭಾಷಾಂತರ 2022ರಲ್ಲಿ ಬಂದಿದೆ. ಉಳಿದ ಭಾಗ ಲೇಖಕನ ಸ್ವಂತ ನಂಬಿಕೆ. ಈ ಜನಯುದ್ಧವು ಗೆದ್ದ ಮೇಲೆ ಜನಕ್ಕೆ ಸ್ವಾತಂತ್ರ್ಯವನ್ನೂ ತರುವುದೆಂದು ಆತ ಮನಸಾರೆ ನಂಬಿದ್ದನು. ಸೈನಿಕರು ಕಾದಂಬರಿಯನ್ನು ಮೆಚ್ಚಿದರು. ಸ್ಟಾಲಿನ್ ಪ್ರಶಸ್ತಿಗೆ ಅದರ ಹೆಸರು ಸೂಚಿತವಾಯಿತು, ಪ್ರಶಸ್ತಿ ದೊರೆಯಲಿಲ್ಲ.

ಆ ವರ್ಷದ ಶರತ್ಕಾಲದಿಂದ ಆತ ಸ್ಟಾಲಿನ್‌ಗ್ರಾಡಿನಲ್ಲಿದ್ದನು. ಅಲ್ಲಿಂದ ಕಳುಹಿಸಿದ ಲೇಖನಗಳು ದೇಶದಲ್ಲೆಲ್ಲ ಹೆಸರಾದವು. ಆದರೆ ಸತ್ಯದ ಹಾದಿಯಲ್ಲಿ ಆತನ ಮುಂದಿನ ದೊಡ್ಡ ಹೆಜ್ಜೆ 1943ರಲ್ಲಿ ಬಂದ ‘ಮುದಿ ಉಪಾಧ್ಯಾಯ’ ಎಂಬ ಕಥೆ. ಜರ್ಮನರ ವಶವಾದ ಉಕ್ರೇನಿನ ಪುಟ್ಟ ಪಟ್ಟಣವೊಂದರಲ್ಲಿ ಯೆಹೂದ್ಯರನ್ನೆಲ್ಲ ಹಳ್ಳದ ಬಳಿಗೆ ನಡೆಸಿಕೊಂಡು ಹೋಗುವ ಕಥೆ ಅದು. ಜರ್ಮನರ ಜೊತೆಗೂಡಿದ ಸ್ಥಳೀಯರೂ ಅಲ್ಲಿದ್ದಾರೆ. ಆಶ್ರಯ ಕೊಡುವ ಸ್ಥಳೀಯರೂ ಇದ್ದಾರೆ. ಕೊನೆಯ ಗಳಿಗೆಯಲ್ಲಿ ಮುದುಕ ಉಪಾಧ್ಯಾಯನ ತೋಳಿನಲ್ಲಿರುವ ಪುಟ್ಟ ಹುಡುಗಿ, ಆತ ಹೆದರಿಯಾನೆಂದು ತನ್ನ ಅಂಗೈಗಳಿಂದ ಆತನ ಕಣ್ಣು ಮುಚ್ಚುತ್ತಾಳೆ. ಯೆಹೂದ್ಯರ ಸಾಮೂಹಿಕ ಹತ್ಯೆಯನ್ನು ವಸ್ತುವಾಗಿಸಿಕೊಂಡ ಲೋಕದ ಮೊಟ್ಟಮೊದಲ ಕಥೆಗಳಲ್ಲಿ ಇದೂ ಒಂದು. ಬೆರ್ದಿಚೆವ್ ಇನ್ನೂ ಶತ್ರುವಿನ ಕೈಯಲ್ಲಿದ್ದಾಗಲೇ, ಬೆರ್ದಿಚೆವ್‌ನಲ್ಲಿ ನಡೆದಿರಬಹುದಾದುದನ್ನು ಆತ ಕಣ್ಣು ಮುಚ್ಚದೆ ನೋಡಿದನು.

1944ರ ಜನವರಿಯಲ್ಲಿ ಸೇನೆಯೊಡನೆ ಆತ ಹುಟ್ಟೂರಿಗೆ ಮರಳಿದಾಗ ಊಹಿಸಿದ್ದೆಲ್ಲ ನಿಜವಾಯಿತು. ಅಷ್ಟರಲ್ಲಿ ‘ಯೆಹೂದ್ಯರಿಲ್ಲದ ಉಕ್ರೇನ್’ ಎಂಬ ಆತನ ಲೇಖನವನ್ನು ಆತನದೇ ಪತ್ರಿಕೆ ತಿರಸ್ಕರಿಸಿಯಾಗಿತ್ತು. 1943ರಲ್ಲಿ ಅದು ಯಿಡ್ಡಿಷ್ ಭಾಷೆಯ ಪತ್ರಿಕೆಯೊಂದರಲ್ಲಿ ಬಂದಿತು. 1944ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ತ್ರೆಬ್ಲಿಂಕಾ ಮರಣಶಿಬಿರದ ಸ್ಥಳಕ್ಕೆ ಹೋಗಿ, ಬದುಕುಳಿದವರನ್ನೂ ಸುತ್ತಣ ರೈತರನ್ನೂ ವಿಚಾರಿಸಿ ಬರೆದ ‘ತ್ರೆಬ್ಲಿಂಕಾದ ನರಕ’ ನ್ಯೂರೆಂಬರ್ಗಿನ ನ್ಯಾಯವಿಚಾರಣೆಯಲ್ಲಿ ಬಳಕೆಗೆ ಬಂದಿತು. ಅಲ್ಲಿ ಸತ್ತವರ ಸಂಖ್ಯೆ ಸುಮಾರು 30 ಲಕ್ಷವೆಂದು ಆತ ಲೆಕ್ಕ ಹಾಕಿದ್ದನು; ಇತಿಹಾಸಕಾರರು ಈಗ ಹೇಳುವುದು 7ರಿಂದ 9 ಲಕ್ಷ. ಎಣಿಕೆ ತಪ್ಪಿತು, ಸಾಕ್ಷ್ಯ ತಪ್ಪಲಿಲ್ಲ. ಇಲ್ಯಾ ಎರೆನ್‌ಬರ್ಗನೊಡನೆ ಸಿದ್ಧಪಡಿಸಿದ, ಈ ಹತ್ಯೆಗಳ ದಾಖಲೆಯಾದ ‘ಕಪ್ಪು ಪುಸ್ತಕ’ ಮಾತ್ರ ಬೆಳಕು ಕಾಣಲಿಲ್ಲ. ಜೋಡಿಸಿದ್ದ ಅಚ್ಚಿನ ಮೊಳೆಗಳನ್ನು 1948ರಲ್ಲಿ ಕೆಡವಿದರು. ಸತ್ತವರನ್ನು ಯೆಹೂದ್ಯರೆಂದು ಹೆಸರಿಸುವುದು ಆಗ ಬೇಡವಾದ ಸತ್ಯವಾಗಿತ್ತು.

ಮುಂದಿನ ಕಥೆ ಬಹುಮಂದಿಗೆ ತಿಳಿದುದೇ. ಸ್ಟಾಲಿನ್‌ಗ್ರಾಡ್ ಕದನದ ಮೊದಲ ಕಾದಂಬರಿ 1952ರಲ್ಲಿ, ಹಲವು ತಿದ್ದುಪಡಿಗಳ ಬಳಿಕ, ‘ನ್ಯಾಯವಾದ ಕಾರ್ಯಕ್ಕಾಗಿ’ ಎಂಬ ಹೆಸರಿನಿಂದ ಬಂದಿತು. 1953ರ ಫೆಬ್ರವರಿಯಲ್ಲಿ ‘ಪ್ರಾವ್ದಾ’ ಅದರ ಮೇಲೆ ಹರಿಹಾಯ್ದಿತು. ಅದೇ ಚಳಿಗಾಲದಲ್ಲಿ, ಯೆಹೂದ್ಯ ವೈದ್ಯರ ಮೇಲೆ ಸುಳ್ಳು ಆರೋಪ ಹೊರಿಸಿದಾಗ, ಅವರನ್ನು ಖಂಡಿಸುವ ಪತ್ರವೊಂದಕ್ಕೆ ಗ್ರಾಸ್‌ಮನ್ ಸಹಿ ಹಾಕಿದನು. ಇದನ್ನು ಮುಚ್ಚಿಟ್ಟರೆ ಆತನ ಚರಿತ್ರೆ ಚರಿತ್ರೆಯಾಗದು. ಆತನೂ ಮುಚ್ಚಿಡಲಿಲ್ಲ: ‘ಬದುಕು ಮತ್ತು ವಿಧಿ’ಯ ವಿಜ್ಞಾನಿ ಶ್ತ್ರೂಮ್ ಹೆದರಿ ಅಂಥದೇ ಪತ್ರಕ್ಕೆ ಸಹಿ ಹಾಕಿ ನರಳುತ್ತಾನೆ. ಆ ಕಾದಂಬರಿಯಲ್ಲಿ ಶ್ತ್ರೂಮ್‌ನ ತಾಯಿ ಸಾಯುವ ಮುನ್ನ ಮಗನಿಗೆ ಬರೆದ ಒಂದು ದೀರ್ಘ ಪತ್ರವಿದೆ. ಗ್ರಾಸ್‌ಮನ್ನನಿಗೆ ಅಂಥ ಪತ್ರ ಎಂದೂ ಬರಲಿಲ್ಲ. ತೀರಿಕೊಂಡ ತಾಯಿಗೆ 1950ರಲ್ಲಿಯೂ 1961ರಲ್ಲಿಯೂ ಆತನೇ ಪತ್ರ ಬರೆದಿಟ್ಟನು.

1961ರ ಫೆಬ್ರವರಿ 14ರಂದು ರಹಸ್ಯ ಪೊಲೀಸರು ಮನೆಗೆ ಬಂದು ‘ಬದುಕು ಮತ್ತು ವಿಧಿ’ಯ ಬೆರಳಚ್ಚು ಪ್ರತಿಗಳನ್ನೂ, ಇಂಗಾಲದ ಕಾಗದಗಳನ್ನೂ, ಬೆರಳಚ್ಚು ಯಂತ್ರದ ರಿಬ್ಬನ್ನುಗಳನ್ನೂ ಒಯ್ದರು. ಲೇಖಕನನ್ನು ಬಂಧಿಸಲಿಲ್ಲ, ಪುಸ್ತಕವನ್ನು ಬಂಧಿಸಿದರು. ಆತ ಕ್ರುಶ್ಚೇವ್‌ನಿಗೆ ಪತ್ರ ಬರೆದು, ತಾನು ಬರೆದುದು ಸತ್ಯವೆಂದು ಈಗಲೂ ನಂಬುತ್ತೇನೆ, ಪುಸ್ತಕಕ್ಕೆ ಬಿಡುಗಡೆ ಬೇಕು ಎಂದು ಕೇಳಿದನು. ಮೂವತ್ತು ವರ್ಷಗಳ ಹಿಂದೆ ಗಾರ್ಕಿಯ ಮುಂದೆ ಹೇಳಿದ್ದ ಸಮರ್ಥನೆಯೇ. ಆದರೆ ಈ ಸಲ ತಿದ್ದಲು ಒಪ್ಪುವ ಲೇಖಕ ಅಲ್ಲಿರಲಿಲ್ಲ. ಬಿಡುಗಡೆಯಾಗಲಿಲ್ಲ. 1964ರ ಸೆಪ್ಟೆಂಬರ್ 14ರಂದು, ತಾಯಿ ಸತ್ತ ದಿನದ ಮುನ್ನಾದಿನ, ಆತ ಮಾಸ್ಕೋದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡನು. ಗೆಳೆಯರು ಅಡಗಿಸಿಟ್ಟಿದ್ದ ಪ್ರತಿಯಿಂದ ಕಾದಂಬರಿ 1980ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿಯೂ 1988ರಲ್ಲಿ ಸೋವಿಯತ್ ದೇಶದಲ್ಲಿಯೂ ಅಚ್ಚಾಯಿತು. ಸ್ಟಾಲಿನ್‌ಗ್ರಾಡಿನ ಮಮಾಯೆವ್ ದಿಣ್ಣೆಯ ಮೇಲೆ 1967ರಲ್ಲಿ ತೆರೆದ ಸ್ಮಾರಕದ ಗೋಡೆಯಲ್ಲಿ ಆತನ ಯುದ್ಧಲೇಖನದ ಮಾತುಗಳನ್ನು ಕೆತ್ತಿದರು. ಬರೆದವನ ಹೆಸರನ್ನು ಕೆತ್ತಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಗ್ರಾಸ್‌ಮನ್ನನ ಮಹಾಕೃತಿಗೆ ಹೋಗುವ ಮುನ್ನ ಈ ಆರಂಭದ ಬರಹಗಳನ್ನೂ ಓದಬೇಕೆಂದು ನಾನು ಬಯಸುತ್ತೇನೆ. ಮಹಾಕೃತಿ ಬೆರಗು ಹುಟ್ಟಿಸುತ್ತದೆ. ಅದನ್ನು ಬರೆದವನು ನಮ್ಮ ಅಳತೆಗೆ ಸಿಗದವನೆಂಬ ಭಾವನೆಯನ್ನೂ ಹುಟ್ಟಿಸುತ್ತದೆ. ಈ ಸಣ್ಣ ಕೃತಿಗಳಾದರೋ ಒಬ್ಬ ಸಾಮಾನ್ಯ ಲೇಖಕ, ತನ್ನ ನಂಬಿಕೆ, ಭಯ, ಸಂಪಾದಕ, ಸರ್ಕಾರ ಇವುಗಳ ನಡುವೆ ನಿಂತು, ಹೇಳಬಹುದಾದಷ್ಟು ಸತ್ಯಕ್ಕಿಂತ ಒಂದು ಗೇಣು ಹೆಚ್ಚನ್ನು ಹೇಳಲು ಹೆಣಗಿದ್ದನ್ನು ತೋರಿಸುತ್ತವೆ. ಆ ಒಂದೊಂದು ಗೇಣೂ ಕೂಡಿ ಮುಂದೆ ಮಹಾಕೃತಿಯಾಯಿತು. ಸತ್ಯ ಬರೆಯಲು ಒಳ್ಳೆಯ ಕಾಲ ಬರಲೆಂದು ಕಾದು ಕುಳಿತವನಿಗೆ, ಆ ಕಾಲ ಬಂದಾಗ ಬರೆಯುವ ಕೈ ಉಳಿದಿರುವುದಿಲ್ಲ.